ಕೋಲು ಮುಖ, ಸಾಧಾರಣ ಮೈಕಟ್ಟು

"ಮೈ ಸಿಸ್ಟರ್ ಈಸ್ ರೆಡ್" ಎಂದು ಐದನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಹೇಳಿದಾಗ ನನಗೆ ಗಾಬರಿಯಾಯಿತು. ಹುಡುಗಿಗೆ ಜ್ವರ ಗಿರ ಬಂದು ಮೈ ಕೆಂಡವಾಗಿದೆಯೋ, ಇಲ್ಲಾ ಎಲ್ಲಾದರೂ ಓಕುಳಿ ಆಡಿ ಬಂದಿದ್ದಾಳೋ ಅಂತ. "ಯಾಕೋ, ಏನಾಯ್ತು ಅವಳಿಗೆ?" ಎಂದೆ.

"ಏನೂ ಆಗಿಲ್ಲ ಮಿಸ್. ಹುಟ್ಟಿದಾಗಿಂದ್ಲೂ ಹಂಗೇ ಅವ್ಳೆ. ಕೆಂಪಗೆ, ಮೂಗು ಮುಖ ಲಕ್ಷಣವಾಗಿ. ಅದ್ಕೇ ಬೇಗ ಗಂಡು ಗೊತ್ತಾಯ್ತು" ಎಂದ.

ಆಗ ಹೊಳೆಯಿತು. ನಮ್ಮ ತುರುವೇಕೆರೆ ಸೀಮೆಯಲ್ಲಿ ಯಾರೂ ಬೆಳ್ಳಗಿರುವುದಿಲ್ಲ. ಬೆಳ್ಳಗಿರುವುದು ಹಾಲು, ಸುಣ್ಣ, ಕೊಕ್ಕರೆ. ಮನುಷ್ಯರು ಕೆಂಪಗಿರುತ್ತಾರೆ, ಇಲ್ಲವೇ ಕಪ್ಪಗಿರುತ್ತಾರೆ. ಕೆಂಪಗಿದ್ದರೆ ಕೆಂಪಮ್ಮ, ಕಪ್ಪಗಿದ್ದರೆ ಕರಿಯಪ್ಪ, ಗಿಡ್ಡಗಿದ್ದರೆ ಗಿಡ್ಡಯ್ಯ. ವರ್ಣನೆ ನಾಮಕರಣದ ದಿನವೇ ಮುಗಿದು ಹೋಗಿರುತ್ತದೆ. ಅಂಥ ಊರಿನಲ್ಲಿ ನಿಂತುಕೊಂಡು "ಡಿಸ್ಕ್ರೈಬ್ ಎ ಪರ್ಸನ್" ಎಂಬ ಪಾಠ ಮಾಡುವುದು ನನ್ನ ಉದ್ಯೋಗ.

"ರೆಡ್ ಅಲ್ಲ ಕಣೋ, ಫೇರ್ ಅನ್ನಬೇಕು" ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಯಾಕೆಂದರೆ ಆ ತಿಂಗಳಷ್ಟೇ ನಾನು ಗೋಡೆಗೆ ಒಂದು ಚಾರ್ಟು ಅಂಟಿಸಿದ್ದೆ. ದಪ್ಪ, ಕುಳ್ಳ, ಕಪ್ಪು, ಈ ಮೂರು ಮಾತು ತರಗತಿಯಲ್ಲಿ ಯಾರೂ ಯಾರಿಗೂ ಹೇಳಕೂಡದು, ಇಂಗ್ಲಿಷಿನಲ್ಲೂ ಹೇಳಕೂಡದು ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಕಪ್ಪು ಅನ್ನಬಾರದು ಎಂದ ಮೇಲೆ ಬಿಳುಪನ್ನು ಹೊಗಳುವುದು ಯಾವ ನ್ಯಾಯ? ಸರಿ, ಅಕ್ಕ ಕೆಂಪಗೇ ಇರಲಿ ಎಂದು ಬಿಟ್ಟೆ.

2007ರಲ್ಲಿ ಸರ್ಕಾರ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕು ಎಂದಾಗ ನಮ್ಮ ಶಾಲೆಯಲ್ಲಿ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಆಯ್ಕೆಗೆ ಕಾರಣ ಇಷ್ಟೆ: ಬ್ಯಾಂಕಿನ ಚಲನ್ನನ್ನು ನಾನು ಇಂಗ್ಲಿಷಿನಲ್ಲಿ ತುಂಬುತ್ತಿದ್ದೆ. ಅಂದಿನಿಂದ ಎಷ್ಟೋ ಪಾಠ ಮಾಡಿದ್ದೇನೆ, ಎ ಫಾರ್ ಆ್ಯಪಲ್ ಎಂಬುದನ್ನು ಆ್ಯಪಲ್ ತಿನ್ನದ ಮಕ್ಕಳಿಗೂ ದಾಟಿಸಿದ್ದೇನೆ. ಆದರೆ ಮನುಷ್ಯರ ರೂಪ ಹೇಳುವ ಈ ಪಾಠ ಬಂದಾಗಲೆಲ್ಲ ನನಗೆ ಎದೆ ಡವಡವ.

ಮೊದಲನೆಯ ತಕರಾರು ಈಸ್ ಮತ್ತು ಹ್ಯಾಸ್. ಕನ್ನಡದಲ್ಲಿ ನಾವು ಏನನ್ನೂ 'ಹೊಂದು'ವುದಿಲ್ಲ. ಸರ್ಕಾರಿ ಸುತ್ತೋಲೆಗಳು ಮಾತ್ರ ಹೊಂದುತ್ತವೆ. ನಮಗೆ ಎಲ್ಲವೂ ಸುಮ್ಮನೆ ಇರುತ್ತದೆ. ಅವನಿಗೆ ಗುಂಗುರು ಕೂದಲು, ನಮಗೆ ಎರಡು ಎಕರೆ ತೋಟ, ಅವರಿಗೆ ಸಕ್ಕರೆ ಕಾಯಿಲೆ. ಹೀಗಾಗಿ ಮಕ್ಕಳು "ಹೀ ಈಸ್ ಕರ್ಲಿ ಹೇರ್" ಎನ್ನುತ್ತಾರೆ. ಅಂದರೆ ಅವನು ಸಾಕ್ಷಾತ್ ಗುಂಗುರು ಕೂದಲೇ. ತಿದ್ದಿದರೆ ಮರುಕ್ಷಣ "ಹೀ ಹ್ಯಾಸ್ ಟಾಲ್" ಎಂದು ಆ ಕಡೆಗೆ ಉರುಳುತ್ತಾರೆ. ಒಂದು ರಾತ್ರಿ ಯೋಚನೆ ಮಾಡಿ ನಾನೇ ಒಂದು ಸೂತ್ರ ಹೊಸೆದೆ. ಕೈಯಲ್ಲಿ ಮುಟ್ಟಲು ಬಂದರೆ ಹ್ಯಾಸ್, ಬರದಿದ್ದರೆ ಈಸ್. ಮೂಗು ಮುಟ್ಟಬಹುದು, ಹ್ಯಾಸ್. ಜಡೆ ಮುಟ್ಟಬಹುದು, ಹ್ಯಾಸ್. ಎತ್ತರ ಮುಟ್ಟಲಾಗದು, ಈಸ್. ಪಾಣಿನಿಯ ಅಕ್ಕನಂತೆ ಬೀಗುತ್ತಾ ನಿಂತಿದ್ದೆ.

ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ಮಿಸ್, ಹೆಡ್‌ಮಾಷ್ಟ್ರ ಬೊಕ್ಕತಲೆ ಮುಟ್ಟಬೋದಲ್ವಾ? ಸಾರ್ ಹ್ಯಾಸ್ ಬಾಲ್ಡ್?"

ಮುಟ್ಟಬಹುದು, ಆದರೆ ಮುಟ್ಟಬಾರದು ಎಂದೆ. ವ್ಯಾಕರಣಕ್ಕೂ ಶಿಸ್ತಿಗೂ ಒಂದೇ ಉತ್ತರ.

ಹೆಡ್‌ಮಾಷ್ಟ್ರಿಂದ ಎದ್ದ ತೊಂದರೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ದಿನ ಒಬ್ಬ ಹುಡುಗಿ ಅವರನ್ನು ಕುರಿತು "ದೇ ಆರ್ ಓಲ್ಡ್. ದೇ ಹ್ಯಾವ್ ಎ ಬಿಗ್ ಮೀಸೆ" ಎಂದು ಬರೆದಿದ್ದಳು. "ನಮ್ಮ ಶಾಲೆಗೆ ಹೆಡ್‌ಮಾಷ್ಟ್ರು ಒಬ್ಬರೇ ಅಲ್ವೇನಮ್ಮ, ಹೀ ಅನ್ನು" ಎಂದೆ. ಹುಡುಗಿ ನಾಲಿಗೆ ಕಚ್ಚಿಕೊಂಡಳು. ಹೀ ಎಂದರೆ ಅವನು ಅಂತ ನಾನೇ ಒಂದನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದೆನಲ್ಲ! "ಸಾರ್‌ಗೆ ಅವನು ಅನ್ನೋದಾ ಮಿಸ್?" ಎಂದು ಪಿಸುಗುಟ್ಟಿದಳು. ಇಂಗ್ಲಿಷಿನವರಿಗೆ ರಾಜನೂ ಹೀ, ಕಳ್ಳನೂ ಹೀ ಎಂದು ಎಷ್ಟು ಹೇಳಿದರೂ ಅವಳಿಗೆ ಧೈರ್ಯ ಬರಲಿಲ್ಲ. ತಪ್ಪು ಅವಳದಲ್ಲ. ಶಿವ ಕಾಪಾಡುತ್ತಾನೆ, ಹನುಮಂತ ಹಾರುತ್ತಾನೆ. ದೇವರಿಗೆ ಏಕವಚನ ನಡೆಯುತ್ತದೆ, ಹೆಡ್‌ಮಾಷ್ಟ್ರಿಗೆ ನಡೆಯುವುದಿಲ್ಲ. ತಾಯಿಯನ್ನು ಮಾತ್ರ ಇಡೀ ತರಗತಿ ಎಗ್ಗಿಲ್ಲದೆ ಶೀ ಎಂದಿತು. ಅಪ್ಪ ದೇ, ಅವ್ವ ಶೀ. ಸಂಸಾರದ ಗುಟ್ಟೆಲ್ಲ ಎರಡು ಸರ್ವನಾಮಗಳಲ್ಲಿ ಹೊರಬಿತ್ತು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ ಒಂದು ಆಟದ ಡಬ್ಬ ಬಿಟ್ಟು ಹೋಗಿದ್ದ. 'ಗೆಸ್ ಹೂ?' ಅಂತ ಹೆಸರು. 1979ರಿಂದ ಮಾರಾಟದಲ್ಲಿರುವ ಆಟ. ಹಲಗೆಯ ಮೇಲೆ 24 ಮುಖಗಳು. ಎದುರಾಳಿ ಮನಸ್ಸಿನಲ್ಲಿಟ್ಟುಕೊಂಡ ಮುಖ ಯಾವುದೆಂದು ಪ್ರಶ್ನೆ ಕೇಳಿ ಕೇಳಿ ಕಂಡುಹಿಡಿಯಬೇಕು. ಕೂದಲು ಚಿನ್ನದ ಬಣ್ಣವೋ ಕಂದೋ? ಕಣ್ಣು ನೀಲಿಯೋ? ಟೋಪಿ ಇದೆಯೋ? (ಹಳೆಯ ಹಲಗೆಯ 24 ಮುಖಗಳಲ್ಲಿ ಹೆಂಗಸರು ಐದೇ ಜನ. ಉಳಿದ ಹೆಂಗಸರು ಅಡುಗೆಮನೆಯಲ್ಲಿದ್ದರೋ ಏನೋ.) ಈ ಆಟವನ್ನು ನಮ್ಮ ಮಕ್ಕಳ ಮುಖ ಇಟ್ಟುಕೊಂಡೇ ಆಡಿಸಿದರೆ ಹೇಗೆ ಅನ್ನಿಸಿ, ನಾಲ್ಕು ಮತ್ತು ಐದನೇ ತರಗತಿಯ 27 ಮಕ್ಕಳನ್ನೂ ಹೊಂಗೆ ಮರದ ಕೆಳಗೆ ಸಾಲಾಗಿ ನಿಲ್ಲಿಸಿದೆ.

"ಹ್ಯಾಸ್ ಹೀ ಬ್ಲ್ಯಾಕ್ ಹೇರ್?" ಮೊದಲ ಪ್ರಶ್ನೆ. ಹೌದು. ಇಪ್ಪತ್ತೇಳರಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. "ಹ್ಯಾಸ್ ಹೀ ಬ್ಲ್ಯಾಕ್ ಐಸ್?" ಹೌದು. ಇಪ್ಪತ್ತೇಳೂ ನಿಂತೇ ಇದ್ದರು. "ಈಸ್ ಹೀ ವೇರಿಂಗ್ ಬ್ಲೂ ನಿಕ್ಕರ್?" ಸರ್ಕಾರವೇ ಕೊಟ್ಟ ಸಮವಸ್ತ್ರ, ಹುಡುಗರೆಲ್ಲ ನಿಂತರು. ಬಿಸಿಲು ಏರಿತು. ನಾಲ್ಕನೆಯ ಪ್ರಶ್ನೆ ಕೇಳುವವನಿಗೆ ತಾಳ್ಮೆ ಕೆಟ್ಟು, "ಮಿಸ್, ಅವ್ನು ಇನ್ನೂ ನಂಗೆ ಎರಡು ಗೋಲಿ ಕೊಡ್ಬೇಕಾ?" ಎಂದು ಕನ್ನಡದಲ್ಲಿ ಕೇಳಿದ. ಹೌದು ಎಂದಿತು ಎದುರು ಪಕ್ಷ. ಒಂದೇ ಏಟಿಗೆ ಹುಡುಗ ಸಿಕ್ಕಿಬಿದ್ದ.

ಅಲ್ಲೇ ನನಗೆ ಪಾಠದ ಬುಡ ಕಾಣಿಸಿದ್ದು. ಎತ್ತರ, ಕೂದಲು, ಕಣ್ಣು ಇವೆಲ್ಲ ಅಪರಿಚಿತರಿಗೆ ಬೇಕಾದ ಗುರುತುಗಳು. ನಮ್ಮೂರಲ್ಲಿ ಅಪರಿಚಿತ ಅಂತ ಇರುವವನು ಒಬ್ಬನೇ, ಸೋಮವಾರ ಬರುವ ಕೂದಲು ಕೊಳ್ಳುವವನು. ಅವನಿಗೂ ಎಲ್ಲರ ಜಡೆ ಪರಿಚಯ. ಉಳಿದಂತೆ ಯಾರನ್ನು ಕೇಳಿದರೂ ಮಕ್ಕಳ ಬಾಯಲ್ಲಿ ಬರುವುದು ಕಣ್ಣು ಮೂಗಲ್ಲ: ಕೆರೆ ಏರಿ ಹತ್ರ ಮನೆ, ಮುರಿದ ಸ್ಟ್ಯಾಂಡಿನ ಸೈಕಲ್ಲು, ಹೋದ ವರ್ಷ ತೆಂಗಿನಮರದಿಂದ ಬಿದ್ದನಲ್ಲ ಅವರ ಅಣ್ಣನ ಮಗ.

ಹಾಗಂತ ನಮ್ಮ ಮಕ್ಕಳಿಗೆ ನೋಡಲು ಬಾರದು ಅಂದುಕೊಳ್ಳಬೇಡಿ. ಮನುಷ್ಯರನ್ನು ಬಿಟ್ಟು ನಿಮ್ಮ ಮನೆಯ ದನದ ಬಗ್ಗೆ ಹೇಳಿ ಎಂದು ಒಂದು ದಿನ ಸೋತು ಹೇಳಿದೆ ನೋಡಿ, ತರಗತಿಗೆ ತರಗತಿಯೇ ಎದ್ದು ನಿಂತಿತು. ಇಡೀ ವರ್ಷ ಬಾಯಿ ಬಿಡದ ಹುಡುಗನೊಬ್ಬ ತಮ್ಮ ಹಳ್ಳಿಕಾರ್ ಹೋರಿಯನ್ನು ಬಣ್ಣಿಸಿದ. ಬೂದು ಮೈ, ಹೆಗಲ ಹತ್ತಿರ ಬಣ್ಣ ಕಡು. ಕೊಂಬು ಬುಡದಲ್ಲಿ ಹತ್ತಿರ ಹತ್ತಿರ ಇದ್ದು ಹಿಂದಕ್ಕೆ ಬಾಗಿ ತುದಿ ಮತ್ತೆ ಮುಂದಕ್ಕೆ. ಹಣೆಯಲ್ಲಿ ಒಂದೇ ಸುಳಿ, ಬೆನ್ನ ಮೇಲಿನ ಸುಳಿ ಸರಿಯಿಲ್ಲ ಅಂತ ಜಾತ್ರೆಯಲ್ಲಿ ಒಬ್ಬ ಬಿಟ್ಟು ಹೋದ. ಈಗ ನಾಲ್ಕು ಹಲ್ಲು, ಇನ್ನೂ ಬಾಯಿಗೂಡಿಲ್ಲ. ಎಡಗೊಳಗಿನಲ್ಲಿ ಸಣ್ಣ ಸೀಳು, ಅದಕ್ಕೆ ನೆಲ ನೋಡಿಕೊಂಡು ಹೆಜ್ಜೆ ಇಡುತ್ತದೆ. ಇದನ್ನು ಇಂಗ್ಲಿಷಿಗೆ ತರುವ ಶಕ್ತಿ ನನಗಿರಲಿಲ್ಲ. ಸುಳಿಗೆ ಏನನ್ನುವುದು? ಬಾಯಿಗೂಡುವುದಕ್ಕೆ? "ಇಟ್ ಈಸ್ ಎ ಗುಡ್ ಬುಲ್" ಎಂದು ಬೋರ್ಡಿನ ಮೇಲೆ ಬರೆದೆ. ಹುಡುಗ ಅದನ್ನು ಓದಿ, ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅಷ್ಟು ಹೇಳಿದ್ದಕ್ಕೆ ಇಷ್ಟೇನಾ ಎಂಬಂಥ ನೋಟ.

ವಿಶೇಷಣಗಳ ಸಾಲು ತಪ್ಪಬಾರದು ಎಂಬುದೊಂದು ಬೇರೆ. ಇಂಗ್ಲಿಷಿನಲ್ಲಿ ಗಾತ್ರ ಮೊದಲು, ಬಣ್ಣ ಆಮೇಲೆ. ಲಾಂಗ್ ಬ್ಲ್ಯಾಕ್ ಹೇರ್ ಸರಿ, ಬ್ಲ್ಯಾಕ್ ಲಾಂಗ್ ಹೇರ್ ತಪ್ಪು. ಯಾಕೆ ಮಿಸ್ ಎಂದರೆ ನನ್ನಲ್ಲಿ ಉತ್ತರವಿಲ್ಲ. ಟೋಲ್ಕಿನ್ ಎಂಬ ದೊಡ್ಡ ಲೇಖಕ ಏಳು ವರ್ಷದವನಿದ್ದಾಗ ಒಂದು ಕಥೆ ಬರೆದು ಅದರಲ್ಲಿ 'ಗ್ರೀನ್ ಗ್ರೇಟ್ ಡ್ರ್ಯಾಗನ್' ಎಂದಿದ್ದನಂತೆ. ಹಾಗನ್ನಬಾರದು, 'ಗ್ರೇಟ್ ಗ್ರೀನ್ ಡ್ರ್ಯಾಗನ್' ಅನ್ನಬೇಕು ಎಂದಳಂತೆ ತಾಯಿ. ಯಾಕೆ ಅನ್ನುವುದು ಅರವತ್ತು ದಾಟಿದ ಮೇಲೂ ತನಗೆ ಹೊಳೆದಿಲ್ಲ ಎಂದು 1955ರಲ್ಲಿ ಬರೆದ ಪತ್ರದಲ್ಲಿ ಆತ ಹೇಳಿಕೊಂಡಿದ್ದಾನೆ. ಆಕ್ಸ್‌ಫರ್ಡಿನ ಪ್ರೊಫೆಸರಿಗೇ ತಿಳಿಯದ್ದು ಬಿಸಿಯೂಟದ ಲೆಕ್ಕ ಬರೆಯುವ ನನಗೆ ತಿಳಿಯಬೇಕೆಂದರೆ ಹೇಗೆ?

ಕೊನೆಗೆ ನನಗೆ ದಾರಿ ತೋರಿಸಿದ್ದು ದಿನಪತ್ರಿಕೆ. 'ಕಾಣೆಯಾಗಿದ್ದಾರೆ' ಎಂಬ ಪ್ರಕಟಣೆಗಳಿರುತ್ತವಲ್ಲ, ಅವು. ಚಹರೆ: ಎತ್ತರ ಐದೂಕಾಲು ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ. ಪರಿಚಯವಿಲ್ಲದವರಿಗಾಗಿಯೇ ಬರೆದ ವರ್ಣನೆ ಎಂದರೆ ಇದೇ ತಾನೆ! ಇಂಥ ಐದಾರು ಪ್ರಕಟಣೆ ಕತ್ತರಿಸಿ ಕೊಟ್ಟು, ಇದೇ ಮಾದರಿಯಲ್ಲಿ ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ತನ್ನಿ ಎಂದೆ.

ಮರುದಿನ ಬಂದ ನೋಟ್‌ಬುಕ್ಕುಗಳಲ್ಲಿ ಊರಿಗೆ ಊರೇ ಕಾಣೆಯಾಗಿತ್ತು. ಕೋಲು ಮುಖದವರೆಲ್ಲ 'ಸ್ಟಿಕ್ ಫೇಸ್', ಎಣ್ಣೆಗೆಂಪಿನವರು 'ಆಯಿಲ್ ರೆಡ್'. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ಮಾವನ ಜೊತೆ ವಿಮಾನ ನಿಲ್ದಾಣ ನೋಡಿ ಬಂದಿದ್ದ ಹುಡುಗ ಕೆಂಪೇಗೌಡರನ್ನೇ ಬಣ್ಣಿಸಿದ್ದ. "ಹಿಸ್ ನೇಮ್ ಈಸ್ ರೆಡ್ ಗೌಡ. ಹೀ ಈಸ್ 108 ಫೀಟ್ ಟಾಲ್. ಹೀ ಹ್ಯಾಸ್ ಎ ಕತ್ತಿ." ವ್ಯಾಕರಣದಲ್ಲಿ ಒಂದು ತಪ್ಪಿಲ್ಲ, ಅಳತೆಯಲ್ಲೂ ತಪ್ಪಿಲ್ಲ. ಪ್ರತಿಮೆ ಇರುವುದೇ 108 ಅಡಿ. ಪೂರ್ತಿ ಅಂಕ ಕೊಟ್ಟೆ. ಕಾಣೆಯಾದರೆ ಹುಡುಕುವುದು ಕಷ್ಟವಾಗಲಾರದು ಎಂದು ಪಕ್ಕದಲ್ಲಿ ಬರೆಯಬೇಕೆನ್ನಿಸಿತು, ಬರೆಯಲಿಲ್ಲ.

ಆ ಸಲ ಯುಗಾದಿ ಕಳೆದ ಮೇಲೆ ಎಡೆಯೂರು ಸಿದ್ಧಲಿಂಗೇಶ್ವರನ ತೇರಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಎಪ್ಪತ್ತೆಂಟರ ಅಮ್ಮ. ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿಗೆ ಎಸೆಯುವ ಹೊತ್ತಿಗೆ ನೂಕುನುಗ್ಗಲಲ್ಲಿ ಕೈ ಬಿಟ್ಟು ಹೋಯಿತು. ಕಡಲೆಪುರಿ ಅಂಗಡಿ, ಬಳೆ ಅಂಗಡಿ, ನೀರಿನ ಟ್ಯಾಂಕಿನ ಹಿಂದೆ, ಎಲ್ಲೂ ಇಲ್ಲ. ಮೈಕಿನಲ್ಲಿ ಕೂಗಿಸೋಣವೆಂದು ಪೆಂಡಾಲಿನ ಕಡೆ ಓಡಿದೆ. ಓಡುತ್ತಾ, ಅಲ್ಲಿರುವವರು ಕೇಳಿದರೆ ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮಕ್ಕಳಿಗೆ ವರ್ಷಗಟ್ಟಲೆ ಉರು ಹೊಡೆಸಿದ ಪ್ರಶ್ನೆಯಲ್ಲವೇ, ವಾಟ್ ಈಸ್ ಶೀ ವೇರಿಂಗ್? ಸೀರೆ... ಹಸಿರೋ? ಹಸಿರು ಹೋದ ವರ್ಷದ್ದು. ನೇರಳೆ ಉಡು ಅಂದಿದ್ದೆ, ಉಟ್ಟಳೋ ಇಲ್ಲವೋ. ಎತ್ತರ? ಅಮ್ಮನಷ್ಟು. ಮುಖ? ಕೋಲೋ ದುಂಡೋ? ಐವತ್ತೊಂದು ವರ್ಷ ನೋಡಿದ ಮುಖ, ಆಕಾರ ಹೊಳೆಯಲೊಲ್ಲದು. ಹೊಳೆದದ್ದು ಒಂದೇ, ಬೆಲ್ಲ ಕುಟ್ಟುವಾಗ ಒಂದು ಚೂರು ಬಾಯಿಗೆ ಹಾಕಿಕೊಂಡು, ಯಾರೂ ನೋಡಲಿಲ್ಲವಲ್ಲ ಎಂದು ಬಾಗಿಲ ಕಡೆ ತಿರುಗುವ ರೀತಿ. ಅದನ್ನು ಮೈಕಿನಲ್ಲಿ ಕೂಗುತ್ತಾರೆಯೇ?

ಅಷ್ಟರಲ್ಲಿ ಮೈಕೇ ಮಾತಾಡಿತು.

"ಭಕ್ತಾದಿಗಳ ಗಮನಕ್ಕೆ. ಇಲ್ಲೊಬ್ಬ ಅಜ್ಜಿಯವರ ಮಗಳು ಕಳೆದುಹೋಗಿದ್ದಾರೆ. ವಯಸ್ಸು ಐವತ್ತೊಂದು. ದಪ್ಪಗೆ, ಕುಳ್ಳಗೆ, ಕಪ್ಪಗಿದ್ದಾರೆ. ಕನ್ನಡಕ ಹಾಕಿದ್ದಾರೆ. ಹಳದಿ ಸೀರೆ, ಕಂದು ಅಂಚು, ಸೆರಗಿಗೆ ಸೇಫ್ಟಿ ಪಿನ್. ಬಲಗೆನ್ನೆ ಮೇಲೆ ಮಚ್ಚೆ. ಮುಖ ಗಂಟಿಕ್ಕಿಕೊಂಡಿರುತ್ತಾರೆ. ಸ್ಕೂಲಲ್ಲಿ ಇಂಗ್ಲಿಷ್ ಟೀಚರು. ಕಂಡವರು ಪೆಂಡಾಲಿಗೆ ಕರೆತಂದು ತಾಯಿಯವರಿಗೆ ಒಪ್ಪಿಸಬೇಕು."

ಎಲ್ಲವೂ ಬಹುವಚನದಲ್ಲಿ, ಗೌರವಪೂರ್ವಕವಾಗಿ. ಮೂರು ಸಲ. ನನ್ನ ಚಾರ್ಟಿನ ಮೂರೂ ಮಾತು ಅದೇ ಕ್ರಮದಲ್ಲಿ ಜಾತ್ರೆಯ ತುಂಬ ಮೊಳಗಿದವು. ವಿವರಗಳಲ್ಲಿ ಎಲ್ಲೂ ಲೋಪವಿರಲಿಲ್ಲ ಎನ್ನುವುದಕ್ಕೆ ಸಾಕ್ಷಿಯೆಂದರೆ, ಎರಡನೆಯ ಸಲ ಕೂಗುವಷ್ಟರಲ್ಲಿ ಕಬ್ಬಿನ ಹಾಲಿನ ಗಾಡಿಯವನು ನನ್ನನ್ನು ನೋಡಿ "ಅಕ್ಕಾ, ನಿಮ್ಮನ್ನೇ ಕರೀತಾವ್ರೆ" ಎಂದ. ಪೆಂಡಾಲಿನಲ್ಲಿ ಅಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪಾನಕ ಕುಡಿಯುತ್ತಾ ಕೂತಿದ್ದಳು. ಹಸಿರೂ ಅಲ್ಲ, ನೇರಳೆಯೂ ಅಲ್ಲ, ಕೆಂಪು ಸೀರೆ. "ಎಲ್ಲಿ ಹಾಳಾಗಿ ಹೋಗಿದ್ದೆ? ಮೈಕಿನವರಿಗೆ ಎಷ್ಟು ಹೇಳ್ಬೇಕಾಯ್ತು ಗೊತ್ತಾ?" ಎಂದಳು.

ತೇರಿಗೆ ನಮ್ಮ ಶಾಲೆಯ ಮಕ್ಕಳು ಎಷ್ಟು ಜನ ಬಂದಿದ್ದರೆಂದು ಸೋಮವಾರ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ತಿಳಿಯಿತು. ತರಗತಿ ಎಂದೂ ಇಲ್ಲದಷ್ಟು ಮೌನವಾಗಿತ್ತು. ಇಪ್ಪತ್ತೇಳು ಜೊತೆ ಕಣ್ಣುಗಳು ನನ್ನ ಬಲಗೆನ್ನೆಯ ಮೇಲಿದ್ದವು. ನಾನು ಗೋಡೆಯ ಚಾರ್ಟು ನೋಡಿದೆ. ಅವರೂ ನೋಡಿದರು. ಏನೂ ಆಗಿಲ್ಲವೆಂಬಂತೆ ಬೋರ್ಡಿನ ಮೇಲೆ ದಿನಾಂಕ ಬರೆಯತೊಡಗಿದೆ.

ಹಿಂದಿನ ಬೆಂಚಿನಿಂದ, ಅದೇ ಬೊಕ್ಕತಲೆಯ ಸಂಶೋಧಕನ ಕೈ ಮೇಲೆದ್ದಿತು.

"ಮಿಸ್, ಮುಖ ಗಂಟಿಕ್ಕಿದಾಗ ಆ ಗಂಟು ಮುಟ್ಟಕ್ಕಾಗುತ್ತಲ್ಲ? ಅದು ಈಸಾ, ಹ್ಯಾಸಾ?"