ಪಾಲಿಗೆ ಒಪ್ಪದ ಸಂಖ್ಯೆ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು ಎಂದು ಓದಿ ಮುಗಿಸುವಷ್ಟರಲ್ಲಿ ಏದುಸಿರು ಬರಿಸುವ 2,14,74,83,647 ಎಂಬ ಸಂಖ್ಯೆಯು, ಇಷ್ಟು ಆಸ್ತಿಯಿದ್ದೂ ದಾಯಾದಿಗಳಾರಿಗೂ ಸಮಪಾಲು ಕೊಡಲೊಪ್ಪದ ಜುಗ್ಗ ಕುಲಕ್ಕೆ ಸೇರಿದೆ. ಒಂದರಿಂದಲೂ ತನ್ನಿಂದಲೂ ಮಾತ್ರ ಶೇಷವಿಲ್ಲದೆ ಭಾಗವಾಗುವ ಇಂಥ ಸಂಖ್ಯೆಗಳಿಗೆ ಅವಿಭಾಜ್ಯವೆಂದು ಹೆಸರು. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆದರೆ ದೊರೆಯುವ ಇದನ್ನು ಫ್ರಾನ್ಸಿನ ಸಂನ್ಯಾಸಿ ಮರ್ಸೆನ್ 1644ರಲ್ಲೇ ತನ್ನ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದನು. ಅದೇ ಪಟ್ಟಿಯಲ್ಲಿ 67 ಮತ್ತು 257 ಎರಡುಗಳಿಂದ ಹುಟ್ಟಿದ ಸಂಖ್ಯೆಗಳೂ ತಪ್ಪಾಗಿ ನುಸುಳಿದ್ದುದರಿಂದ, ಸಂನ್ಯಾಸಿಯ ಮಾತೆಂಬ ಒಂದೇ ಕಾರಣಕ್ಕೆ ನಂಬುವಂತಿರಲಿಲ್ಲ.

ರುಜುವಾತು ದೊರೆತದ್ದು 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ, ದೃಷ್ಟಿ ಬಹುಪಾಲು ಹೋಗಿದ್ದ ಆಯ್ಲರನಿಂದ. ಒಂದು ಸಂಖ್ಯೆಗೆ ಭಾಜಕವಿದೆಯೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲವು 46,341ಕ್ಕಿಂತ ತುಸು ಕಡಿಮೆ, ಅಲ್ಲಿಯವರೆಗಿನ ಅವಿಭಾಜ್ಯಗಳು ಸುಮಾರು 4,800. ಅಷ್ಟನ್ನೂ ಭಾಗಿಸುತ್ತ ಕೂರುವುದು ಜಾಣನ ಲಕ್ಷಣವಲ್ಲವಾದ್ದರಿಂದ, ಇದಕ್ಕೆ ಭಾಜಕವೆಂಬುದೊಂದಿದ್ದರೆ ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಲೇಬೇಕೆಂದು ಆಯ್ಲರನು ತೋರಿಸಿದನು; ಆಗ ಪರೀಕ್ಷಿಸಬೇಕಾದವು ನೂರಕ್ಕೂ ಕಡಿಮೆಯಾದವು. ಮೊದಲ ಉಮೇದುವಾರ 311ರಿಂದ ಭಾಗಿಸಿದರೆ 35 ಉಳಿಯುತ್ತದೆ, ಎರಡನೆಯ 1303ರಿಂದ ಭಾಗಿಸಿದರೆ 226. ಉಳಿದವೂ ಹೀಗೆಯೇ ಚಿಲ್ಲರೆ ಉಳಿಸಿ ಹಿಂದಿರುಗುತ್ತವೆ.

ತನ್ನನ್ನು ಬಿಟ್ಟು ಮಿಕ್ಕ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವ 6, 28ರಂಥವು ಪರಿಪೂರ್ಣ ಸಂಖ್ಯೆಗಳು. ನಮ್ಮ ಜುಗ್ಗ ಸಂಖ್ಯೆಯನ್ನು ಮೂವತ್ತು ಎರಡುಗಳಿಂದ ಗುಣಿಸಿದರೆ ಹತ್ತೊಂಬತ್ತು ಅಂಕಿಗಳ ಅಂಥದೊಂದು ಹುಟ್ಟುತ್ತದೆ. ಇಂಥವು ಕುತೂಹಲಕ್ಕೇ ಹೊರತು ಉಪಯೋಗಕ್ಕಲ್ಲವಾದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಹೋಗುವುದಿಲ್ಲವೆಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಷರಾ ಬರೆದನು. ಕೆಲಸಕ್ಕೆ ಬಾರದ್ದನ್ನು ಹುಡುಕುವುದರಲ್ಲಿ ಮನುಷ್ಯನಿಗಿರುವ ಶ್ರದ್ಧೆಯನ್ನು ಆತನು ಅರಿತಿರಲಿಲ್ಲವೆನ್ನಬೇಕು: 1876ರಲ್ಲಿ ಫ್ರಾನ್ಸಿನ ಲ್ಯೂಕಾ 127 ಎರಡುಗಳ ಅವಿಭಾಜ್ಯವನ್ನೇ ಸಾಧಿಸಿಕೊಟ್ಟು, ಇನ್ನೂ ದೊಡ್ಡ ಪರಿಪೂರ್ಣ ಸಂಖ್ಯೆಗೆ ದಾರಿಮಾಡಿದನು.

ಉಪಯೋಗವಿಲ್ಲವೆಂಬ ಮಾತೂ ಉಳಿಯಲಿಲ್ಲ. ಕಂಪ್ಯೂಟರು ಧನ ಋಣ ಸಂಖ್ಯೆಗಳೆರಡನ್ನೂ 32 ಬಿಟ್‌ಗಳಲ್ಲಿ, ಅಂದರೆ ಸೊನ್ನೆ ಅಥವಾ ಒಂದು ಮಾತ್ರ ಹಿಡಿಯುವ 32 ಮನೆಗಳಲ್ಲಿ, ಬರೆದುಕೊಳ್ಳುವಾಗ ತಲುಪಬಲ್ಲ ಗರಿಷ್ಠವು ನಮ್ಮ ಜುಗ್ಗ ಸಂಖ್ಯೆಯೇ ಆಗಿದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಹೀಗೆ ಎಣಿಸುತ್ತ ಬಂದಿರುವ ಹಳೆಯ ಯಂತ್ರಗಳು 2038ರ ಜನವರಿ 19ರಂದು, ಭಾರತದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಗೋಡೆಗೆ ಬಡಿದು, ಮರುಕ್ಷಣವೇ ಕಂಪ್ಯೂಟರೆಂಬುದೇ ಇಲ್ಲದಿದ್ದ 1901ರ ಡಿಸೆಂಬರಿಗೆ ಹೋಗಿ ಬೀಳುತ್ತವೆ. ಕೊರಿಯಾದ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳು ಈ ಮಿತಿಯನ್ನು ಮೀರಲಿದ್ದುದರಿಂದ ಯೂಟ್ಯೂಬ್ 2014ರಲ್ಲಿ ತನ್ನ ಲೆಕ್ಕವನ್ನು 64 ಬಿಟ್‌ಗಳಿಗೆ ವಿಸ್ತರಿಸಿಕೊಂಡಿತು. 63 ಎರಡುಗಳ ಗುಣಲಬ್ಧದಿಂದ ಒಂದನ್ನು ಕಳೆದ ಆ ಹೊಸ ಗರಿಷ್ಠ ಸಂಖ್ಯೆಯು ಗಾತ್ರದಲ್ಲಿ ನಾನೂರು ಕೋಟಿ ಪಟ್ಟಿಗೂ ಮಿಗಿಲಾಗಿದ್ದರೂ, ಬರಿಯ ಏಳರಿಂದ ಸಲೀಸಾಗಿ ಭಾಗವಾಗಿಬಿಡುತ್ತದೆ.