ನಡಿಯೋ ಗೆರಿ

ಅಕ್ಕಾರ, ಅದು ಗಜಕರ್ಣ ಅಲ್ಲರೀ. ಗಜಕರ್ಣ ಉಂಗುರದಂಗ ದುಂಡಗಿರತೈತಿ. ನಿಮ್ಮ ಹುಡುಗನ ಅಂಗಾಲ ಬದಿಗೆ ಕೆಂಪು ಗೆರಿ ಸೊಟ್ಟಸೊಟ್ಟ ಹರದೈತಿ ನೋಡ್ರಿ. ನಿನ್ನೆ ಕಿರಿಬೆರಳ ಹತ್ರ ಇದ್ದದ್ದು ಇವತ್ತು ಕಡ್ಲಿಕಾಳಿನಷ್ಟು ಮುಂದ ಸರದೈತಿ ಅಂತ ನೀವ ಅಂದ್ರಿ. ಗೆರಿ ನಡ್ಯಾಕ ಹತ್ತೈತಿ ಅಂದ್ರ ಒಳಗ ಹುಳ ಐತಿ.

ಗೋಕರ್ಣದಾಗ ಸಮುದ್ರದ ದಂಡಿಗೆ ಬರಿಗಾಲಿಲೆ ಅಡ್ಡಾಡಿದ್ನಂತಲ್ಲ, ಅಲ್ಲೇ ಹತ್ತಿರಬೇಕು. ನಾಯಿ, ಬೆಕ್ಕಿನ ಹೊಟ್ಟ್ಯಾಗ ಕೊಕ್ಕೆಹುಳ ಇರತಾವು. ಅವು ಹೇತಲ್ಲಿ ತತ್ತಿ ಬಿದ್ದು, ಹಸಿ ಉಸುಕಿನಾಗ ಮರಿ ಆಗಿ, ತುಳದವರ ತೊಗಲು ಕೊರದು ಹೊಗತಾವು. ಮನುಷ್ಯಾರ ಮೈಯಾಗ ಆಳಕ್ಕ ಇಳ್ಯಾಕ ಅವಕ್ಕ ಬರಂಗಿಲ್ಲ. ಮ್ಯಾಲಿನ ತೊಗಲಿನಾಗ ವಾರಗಟ್ಲೆ, ಕೆಲವೊಮ್ಮೆ ತಿಂಗಳಗಟ್ಲೆ ತಿರುಗಿ ಸಾಯತಾವು. ಹಂಗಂತ ಬಿಡಬ್ಯಾಡ್ರಿ. ರಾತ್ರಿ ಕಡಿತ ತಡ್ಯಾಕಾಗದ ಕೆರಕೊಂಡು ಕೀವು ಮಾಡ್ಕೋತಾರ. ಅಂಗಡ್ಯಾಗಿನ ಸ್ಟಿರಾಯ್ಡ್ ಮಲಾಮು ಹಚ್ಚಿದ್ರ ಕೆಂಪು ಇಳೀಬಹುದು, ಹುಳ ಸಾಯಂಗಿಲ್ಲ. ದವಾಖಾನ್ಯಾಗ ಐವರ್ಮೆಕ್ಟಿನ್ ಇಲ್ಲಾ ಅಲ್ಬೆಂಡಜೋಲ್ ಗುಳಿಗಿ ಕೊಡತಾರ.

ಸೂಜಿಲೆ ಕೆದರಬ್ಯಾಡ್ರಿ. ಕಣ್ಣಿಗೆ ಕಾಣದಂಥ ಮರಿ ಅದು, ಗೆರಿ ತುದಿ ದಾಟಿ ಮುಂದ ಹೋಗಿರತೈತಿ. ನಿಮ್ಮ ಅತ್ತಿ 'ಎಳದು ತಗೀರಿ' ಅಂತಾರಂದ್ರ ಅವರ ತಲ್ಯಾಗ ನಾರುಹುಣ್ಣು ಐತಿ. ಪಾಪ, ಆ ಕಾಲದವ್ರು ಕಂಡಾರ. ಮೆಟ್ಟಿಲ ಬಾವ್ಯಾಗ ಕಾಲಿಟ್ಟು ನೀರು ತುಂಬತಿದ್ರು, ಅದನ್ನ ಕುಡೀತಿದ್ರು. ವರ್ಷಾದ ಮ್ಯಾಲ ಕಾಲಾಗ ಗುಳ್ಳಿ ಎದ್ದು ಒಡದು, ಬಿಳಿ ದಾರದಂಥಾ ಹುಳ ಹೊರಗ ಬರತಿತ್ತು. ಗಜ ಉದ್ದ ಇರತಿತ್ತು! ಕಡ್ಡಿಗೆ ಸುತ್ತಿ ದಿನಾ ಚೂರುಚೂರು ಎಳೀಬೇಕು. ನಡುವ ಹರೀತಂದ್ರ ಕಾಲು ಬಾತು ಹಾಸಿಗಿ ಹಿಡೀತಿದ್ರು. ಬಿತ್ತಿಗಿ ಹೊತ್ತಿನಾಗ ಹಂಗಾದ್ರ ಆ ವರ್ಷದ ಹೊಲ ಹೋದಂಗ.

ಅದಕ್ಕ ಗುಳಿಗೀನೂ ಇರಲಿಲ್ಲ, ಲಸೀನೂ ಇರಲಿಲ್ಲ. ನೀರು ಅರಿಬಿಲೆ ಸೋಸಿ, ಮೆಟ್ಟಿಲು ಮುಚ್ಚಿ ಸೇದೋ ಬಾವಿ ಮಾಡಿ, ಬೋರಿಂಗ್ ಹಾಕಿ ಓಡಿಸಿದ್ರು. 1996ರಾಗ ರಾಜಸ್ಥಾನದ ಜೋಧಪುರ ಜಿಲ್ಲಾದಾಗ ಕಡೀ ರೋಗಿ ಸಿಕ್ಕದ್ದು. 2000ದಾಗ ವಿಶ್ವ ಆರೋಗ್ಯ ಸಂಸ್ಥೆ ಭಾರತದಾಗ ನಾರುಹುಣ್ಣು ಇಲ್ಲ ಅಂತ ಸಾರಿತು. ಊರೂರಿಗೆ ತಿರುಗಿ ಅರಿಬಿ ಹಿಡದು ನೀರು ಸೋಸೂದು ಕಲಿಸಿದವರಿಗೆ ಕೈ ಮುಗೀಬೇಕ್ರೀ.

ನಿಮ್ಮ ಹುಡುಗಗ ಗುಳಿಗಿ ಐತಿ, ಹೆದರಬ್ಯಾಡ್ರಿ. ಡಾಕ್ಟರ ಮುಂದ ಕಡಿತದ ಸುದ್ದಿಗಿಂತ ಮೊದಲ ಸಮುದ್ರಕ್ಕ ಹೋಗಿದ್ನಿ, ಬರಿಗಾಲಿಲೆ ಉಸುಕು ತುಳದ್ನಿ ಅಂತ ಹೇಳ್ಲಿ. ನಮ್ಮ ಸವಣೂರಾಗ ಕುಂತವರಿಗೆ ಸಮುದ್ರದ ಉಸುಕು ತಟ್ಟನ ನೆನಪಾಗಲಿಕ್ಕಿಲ್ಲ. ಅಂದಂಗ, ಸಣ್ಣಾಕಿನೂ ಹೋಗಿದ್ಲಲ್ಲ? ಉಸುಕಿನಾಗ ಕುಂತು ಗುಬ್ಬಿಮನಿ ಕಟ್ಟಿರತಾಳ. ಅಕಿ ಕೈ, ಕುಂಡಿನೂ ಒಮ್ಮೆ ನೋಡ್ರಿ.