ಕೈ ಸುಮ್ಮನಿರದ ದೊಡ್ಡಮ್ಮ

ಕೈಗೆ ಕೆಲಸವಿಲ್ಲದಿದ್ದರೆ ಕೆಲವರಿಗೆ ಮೈ ಸರಿಯಿರುವುದಿಲ್ಲ. ಅಂಥವರು ಪ್ರತಿ ವಂಶದಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ವಂಶದ ಪಾಲಿಗೆ ಬಂದವರು ದೊಡ್ಡಮ್ಮ. ಧಾರಾವಾಹಿ ನೋಡುತ್ತಾ ಬತ್ತಿ ಹೊಸೆಯುತ್ತಾರೆ, ಫೋನಿನಲ್ಲಿ ಮಾತಾಡುತ್ತಾ ಗೆಜ್ಜೆವಸ್ತ್ರ ಮಾಡುತ್ತಾರೆ, ಹರಿಕಥೆಗೆ ಹೋದರೆ ಪಕ್ಕದಲ್ಲಿ ಕೂತವರ ಸೆರಗಿಗೆ ಕುಚ್ಚು ಕಟ್ಟಿ ಕಳಿಸುತ್ತಾರೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ಅವರ ಮನೆಯಲ್ಲಿ ಬಟ್ಟೆ ತೊಡದ ವಸ್ತುವೇ ಇಲ್ಲ. ಗ್ಯಾಸ್ ಸಿಲಿಂಡರಿಗೆ ಲಂಗ, ಮಿಕ್ಸಿಗೆ ಕುಲಾವಿ, ರಿಮೋಟಿಗೆ ಜೇಬಿಲ್ಲದ ಜುಬ್ಬ. ಹಿಂದಿನ ಡಬ್ಬಿ ಟಿವಿಗೆಂದು ಹೆಣೆದ ಕ್ರೋಶಾ ಹೊದಿಕೆ, ಟಿವಿ ತೆಳ್ಳಗಾಗಿ ಗೋಡೆ ಹತ್ತಿದ ಮೇಲೂ ನಿವೃತ್ತಿಯಾಗಿಲ್ಲ. ಅದು ಮೇಲಿಂದ ಇಳಿಬಿದ್ದಿರುವುದರಿಂದ ಆ ಮನೆಯವರು ಈಚಿನ ಯಾವ ನಟನ ಹಣೆಯನ್ನೂ ನೋಡಿಲ್ಲ.

ಯಾವ ವಸ್ತುವನ್ನು ಎಸೆಯಲು ಹೋದರೂ ದೊಡ್ಡಮ್ಮನದು ಒಂದೇ ಮಾತು: "ಇರಲಿ, ಬೇಕಾಗತ್ತೆ." ಹರಿದ ಅಂಗಿ ನೆಲ ಒರೆಸುವ ಬಟ್ಟೆಯಾಗುವ ಮೊದಲು ಅದರ ಗುಂಡಿಗಳು ಹಾರ್ಲಿಕ್ಸ್ ಬಾಟಲಿ ಸೇರಬೇಕು. ಸಿಹಿಯ ಡಬ್ಬದ ರಿಬ್ಬನ್ನು, ಮದುವೆ ಕರೆಯೋಲೆಯ ರಟ್ಟು, ಹಳೆಯ ಪೈಜಾಮದ ಲಾಡಿ, ಎಲ್ಲಕ್ಕೂ ಅಟ್ಟದ ಮೇಲಿನ ಟ್ರಂಕಿನಲ್ಲಿ ಸೀಟು ಕಾದಿರಿಸಿದೆ. "ಯಾವಾಗ ಬೇಕಾಗತ್ತೆ?" ಎಂದು ದೊಡ್ಡಪ್ಪ ಮದುವೆಯಾದಾಗಿನಿಂದ ಕೇಳುತ್ತಿದ್ದರು.

2020ರ ಮಾರ್ಚ್ 24ರ ರಾತ್ರಿ ಉತ್ತರ ಸಿಕ್ಕಿತು. ಮಾರನೆಯ ದಿನವೇ ಯುಗಾದಿ. ಪ್ರಧಾನಿ ಟಿವಿಯಲ್ಲಿ 21 ದಿನ ಮನೆ ಬಿಟ್ಟು ಬರಬೇಡಿ ಎಂದದ್ದೇ ತಡ, ಬೀದಿಯವರೆಲ್ಲ ತರಕಾರಿಗೂ ಹಾಲಿಗೂ ಓಡಿದರು. ದೊಡ್ಡಮ್ಮ ಏಣಿ ತರಿಸಿ ಅಟ್ಟ ಹತ್ತಿದರು. "ಬರೀ ಇಪ್ಪತ್ತೊಂದು ದಿನಾನಾ? ಏನು ಮಹಾ ಆಗತ್ತೆ ಅಷ್ಟರಲ್ಲಿ!" ಎಂದು ಮೇಲಿಂದ ದನಿ ಬಂತು. ಇಡೀ ದೇಶದಲ್ಲಿ ಲಾಕ್‌ಡೌನಿನ ಅವಧಿ ಸಾಲದು ಎಂದು ಮೊದಲ ದಿನವೇ ಆಕ್ಷೇಪಣೆ ಎತ್ತಿದವರು ಬಹುಶಃ ಅವರೊಬ್ಬರೇ.

ಆ ದಿನಗಳಲ್ಲಿ ಊರಿಗೆ ಊರೇ ಕಸುಬುದಾರರಿಂದ ತುಂಬಿಹೋಗಿತ್ತಲ್ಲ. ಸೂಜಿಗೆ ದಾರ ಪೋಣಿಸಲು ಬಾರದವರು ಕಸೂತಿ ಚೌಕಟ್ಟು ಹಿಡಿದು ಫೋಟೊ ಹಾಕುತ್ತಿದ್ದರು. ಬಾಟಲಿಗೆ ಬಣ್ಣ ಬಳಿಯುವವರು, ಐಸ್‌ಕ್ರೀಂ ಕಡ್ಡಿಯಲ್ಲಿ ಗುಡಿಸಲು ಕಟ್ಟುವವರು, ಪುಡಿ ಕಾಫಿಯನ್ನು ಸಕ್ಕರೆಯ ಜತೆ ತೋಳು ಸೋಲುವ ತನಕ ಕಡೆದು ಡಾಲ್ಗೊನಾ ಎನ್ನುವವರು. ಸೊಸೆ ಹಾಗೆ ಕಡೆದುಕೊಟ್ಟ ಲೋಟವನ್ನು ದೊಡ್ಡಮ್ಮ ಬೆಳಕಿಗೆ ಹಿಡಿದು ನೋಡಿ, "ನೊರೆ ಚೆನ್ನಾಗಿದೆ ಕಣಮ್ಮ, ಇನ್ನು ಕಾಫಿ ಕೊಡು" ಅಂದರು. ಈ ಹೊಸಬರ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಕನಿಕರವಿತ್ತು. ಪೆನ್ಷನ್ ಹತ್ತಿರ ಬಂದ ಗುಮಾಸ್ತರು ಅಪ್ರೆಂಟಿಸ್ ಹುಡುಗರನ್ನು ಹಾಗೆ ನೋಡುವುದುಂಟು.

ಮೆಡಿಕಲ್ ಶಾಪಿನಲ್ಲಿ ಮಾಸ್ಕ್ ಮಾಯವಾಗಿತ್ತು. ಮಾರ್ಚ್ ಕೊನೆಗೆ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯವರು ಮನೆಯಲ್ಲೇ ಮಾಸ್ಕ್ ಹೊಲಿಯುವ ಕೈಪಿಡಿ ಹೊರತಂದರು. ಮಗ ಅದನ್ನು ಮೊಬೈಲಿನಲ್ಲಿ ಓದಿ ಹೇಳಿದ: ಬಟ್ಟೆ ಹತ್ತಿಯದಾಗಿರಬೇಕು, ಕುದಿಯುವ ನೀರಿನಲ್ಲಿ ಐದು ನಿಮಿಷ ಬೇಯಿಸಬೇಕು, ಆ ನೀರಿಗೆ ಉಪ್ಪು ಹಾಕಿದರೆ ಒಳ್ಳೆಯದು. ಬಿ.ಪಿ. ಇರುವ ದೊಡ್ಡಪ್ಪ ವರ್ಷಗಳಿಂದ ಸಪ್ಪೆ ಸಾರು ಉಂಡು ಬದುಕಿದವರು. ಪಾತ್ರೆಯಲ್ಲಿ ಕುದಿಯುವ ಬಟ್ಟೆಗೆ ಹಿಡಿಹಿಡಿ ಉಪ್ಪು ಬೀಳುವುದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. "ಚಿಂದಿಗಿರೋ ಯೋಗ ನನಗಿಲ್ಲ" ಎಂದು ವರಾಂಡಕ್ಕೆ ಹೋಗಿ ಕೂತರು.

ಇನ್ನು ಬಟ್ಟೆ. ಬಟ್ಟೆಗೇನು ಬರ? ಬೀರುವಿನ ಕೆಳಗಿನ ಎರಡು ಅರೆ ತುಂಬ ರವಿಕೆ ಕಣ. ಹಳೇ ಮೈಸೂರಿನ ಮನೆಗಳಲ್ಲಿ ರವಿಕೆ ಕಣವೆಂಬುದು ಹೊಲಿಸುವ ಬಟ್ಟೆಯಲ್ಲ, ಚಲಾವಣೆಯ ನಾಣ್ಯ. ವರಮಹಾಲಕ್ಷ್ಮಿಗೆ ಬಂದದ್ದು ಗೌರಿ ಬಾಗಿನಕ್ಕೆ ಹೋಗುತ್ತದೆ, ಬಾಗಿನದ್ದು ಗೃಹಪ್ರವೇಶಕ್ಕೆ, ಅಲ್ಲಿಂದ ಸೀಮಂತಕ್ಕೆ. ಕೆಲವು ಕಣಗಳು ಹತ್ತಾರು ಮನೆ ಸುತ್ತಿ, ಮಡಿಕೆ ಬಿಚ್ಚದೆಯೇ, ಅರಿಶಿನದ ಕಲೆಯೊಂದನ್ನು ಗುರುತಿಗೆ ಹೊತ್ತು ಹೊರಟಲ್ಲಿಗೇ ಬರುತ್ತವೆ. ಯಾರು ಕೊಟ್ಟದ್ದು, ಯಾವ ಸಂದರ್ಭ, ಜತೆಗೆ ತೆಂಗಿನಕಾಯಿ ಇತ್ತೋ ಬರೀ ಬಾಳೆಹಣ್ಣೋ, ಎಲ್ಲವೂ ದೊಡ್ಡಮ್ಮನಿಗೆ ಬಾಯಿಪಾಠ.

ಹತ್ತಿಯೋ ಅಲ್ಲವೋ ತಿಳಿಯಬೇಕಲ್ಲ, ಅದಕ್ಕೊಂದು ಪರೀಕ್ಷೆ ಅವರಿಗೆ ಗೊತ್ತಿತ್ತು. ಒಂದೆಳೆ ಕಿತ್ತು ದೀಪಕ್ಕೆ ಹಿಡಿದರೆ ಅಪ್ಪಟ ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಮುದುರಿ, ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ದೇವರ ಮನೆಯ ದೀಪದ ಮುಂದೆ ಕಣಗಳ ರಾಶಿ ಹಾಕಿಕೊಂಡು ದೊಡ್ಡಮ್ಮ ಕೂತರು. ಆ ಸಂಜೆ ನಮ್ಮ ಬಂಧುಬಳಗದ ಮರ್ಯಾದೆ ಎಳೆಎಳೆಯಾಗಿ ಸುಟ್ಟಿತು. "ಅಪ್ಪಟ ಕಾಟನ್ನು ಕಣ್ರೀ, ಚಿಕ್ಕಪೇಟೇಲೇ ತಂದಿದ್ದು" ಎಂದು ಬೆಂಗಳೂರಿನ ನಾದಿನಿ ಕೊಟ್ಟದ್ದು ಗುಂಡುಮಣಿಯಾಯಿತು. ಬೀಗಿತ್ತಿಯ ಮೂರು ಕಣವೂ ಮಣಿ. ಮನೆಗೆಲಸಕ್ಕೆ ಬರುತ್ತಿದ್ದಾಕೆ ಮಗಳ ಮದುವೆಯಲ್ಲಿ ಕೊಟ್ಟ ಹಸಿರು ಕಣವೊಂದು ನಿಷ್ಠೆಯಿಂದ ಬೂದಿಯಾಯಿತು. ದೊಡ್ಡಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಮಣಿಯಾದವನ್ನೆಲ್ಲ ಬೇರೆ ಗಂಟು ಕಟ್ಟಿ, ಕೊಟ್ಟವರ ಹೆಸರಿನ ಚೀಟಿ ಸಿಕ್ಕಿಸಿದರು. ಮುಂದಿನ ಗೌರಿ ಹಬ್ಬಕ್ಕೆ ಯಾವ ಮೊರ ಯಾರ ಮನೆಗೆ ಹೋಗಬೇಕೆಂಬುದು ಅಂದೇ ತೀರ್ಮಾನವಾಯಿತು. ಕೊರೊನಾ ನಮ್ಮ ನೆಂಟಸ್ತಿಕೆಗೆ ಮಾಡಿದ ಹಾನಿಯ ಲೆಕ್ಕವನ್ನು ಯಾವ ಇಲಾಖೆಯೂ ಹಾಕಿಲ್ಲ.

ಮುಂದಿನ ಸಂಕಟ ಇಲಾಸ್ಟಿಕ್ಕಿನದು. ಮ್ಯಾಚಿಂಗ್ ಸೆಂಟರುಗಳು ಬಾಗಿಲು ಹಾಕಿದ್ದವು. ಟ್ರಂಕಿನ ದಾಸ್ತಾನು ಎರಡೇ ದಿನಕ್ಕೆ ಮುಗಿಯಿತು. ಮೂರನೆಯ ದಿನ ಮೊಮ್ಮಗಳ ಜಡೆಯ ರಬ್ಬರ್ ಬ್ಯಾಂಡುಗಳು ಹೋದವು. ಆಮೇಲೆ ದೊಡ್ಡಪ್ಪ ಬೆಳಗಿನ ವಾಕಿಂಗಿಗೆಂದು ಟ್ರ್ಯಾಕ್ ಪ್ಯಾಂಟ್ ಏರಿಸಿದರೆ ಅದು ಏರಿದ ವೇಗದಲ್ಲೇ ಇಳಿಯಿತು.

"ಏನೇ ಇದು?"

"ವಾಕಿಂಗ್ ಹೋಗೋ ಹಾಗಿಲ್ಲವಲ್ಲ ರೀ. ಪೊಲೀಸರು ಹೊಡೀತಾರೆ."

"ಟೆರೇಸಿನ ಮೇಲೆ ಹೋಗ್ತಿದ್ದೆ."

"ಟೆರೇಸಿಗೆ ಪಂಚೆ ಸಾಕು."

ಮಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಗಟ್ಟಿಯಾದ ಮೇಜು ಒಂದೇ, ಅದು ಹೊಲಿಗೆ ಮಷಿನ್ನಿನದು. ಮೀಟಿಂಗಿನ ನಡುವೆ ಗಡಗಡ ಸದ್ದು ಕೇಳಿ ಆಚೆ ದೇಶದ ಮ್ಯಾನೇಜರು, ನಿಮ್ಮ ಕಡೆ ಏನಾದರೂ ಕಟ್ಟಡ ಕೆಡವುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡರು. ಕಡೆಗೆ ಗಡಿ ಒಪ್ಪಂದವಾಯಿತು: ಹಗಲು ಕತ್ತರಿಸುವುದು, ರಾತ್ರಿ ತುಳಿಯುವುದು. ಆ ಮನೆಯಲ್ಲಿ ಆಗ ನಿದ್ದೆ ಮಾಡಿದವರು ನನಗೆ ತಿಳಿದಂತೆ ಯಾರೂ ಇಲ್ಲ.

ಮಾಸ್ಕಿಗೊಂದು ಅಳತೆ ಬೇಕು. ಕರೆಯೋಲೆಯ ರಟ್ಟನ್ನು ಕತ್ತರಿಸಿ ದೊಡ್ಡಮ್ಮ ಅಚ್ಚು ಮಾಡಿದರು. ಅಳತೆಗೆ ಸಿಕ್ಕಿದ ಮೂಗು ದೊಡ್ಡಪ್ಪನದು. ಅದು ಸಾಮಾನ್ಯರ ಮೂಗಲ್ಲ. ಹೀಗಾಗಿ ಬೀದಿಯವರೆಲ್ಲರ ಮಾಸ್ಕಿನ ನಡುವೆ ಒಂದು ಖಾಲಿ ಗೋಪುರ ಎದ್ದು ನಿಂತಿತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಎಂದರೂ ಕಾಣುತ್ತಿರಲಿಲ್ಲ. ಆರೋಗ್ಯ ಇಲಾಖೆಯವರು ಸೋಂಕಿತರಿಗೆ 'ಪಿ' ಅಕ್ಷರದ ಜತೆ ಸಂಖ್ಯೆ ಕೊಟ್ಟು ಸಂಜೆಸಂಜೆ ಪಟ್ಟಿ ಬಿಡುತ್ತಿದ್ದ ಕಾಲವದು. ಅದನ್ನು ನೋಡಿ ನೋಡಿ ದೊಡ್ಡಮ್ಮನೂ ಮಾಸ್ಕುಗಳ ಮೂಲೆಯಲ್ಲಿ ದಾರದಿಂದ ನಂಬರ್ ಹೊಲಿಯತೊಡಗಿದರು. ಒಬ್ಬರದು ಒಬ್ಬರು ಹಾಕಿಕೊಳ್ಳಬಾರದು ಎಂಬುದಷ್ಟೇ ಉದ್ದೇಶ. ದೊಡ್ಡಪ್ಪ 'ಪಿ-1' ಧರಿಸಿ ಹಾಲಿಗೆ ಹೋದ ದಿನ ಬೂತಿನ ಮುಂದಿನ ಸಾಲು ತಾನಾಗಿ ಕರಗಿತು. ಅವರಿಗೆ ಆ ವಾರವೆಲ್ಲ ಮೊದಲ ಪ್ಯಾಕೆಟ್ಟು.

ಸರ್ಕಲ್ಲಿನ ಬ್ಯಾರಿಕೇಡ್ ಪಕ್ಕ ನಿಂತ ಪೊಲೀಸಿನವರಿಗೂ ಒಂದು ಕಟ್ಟು ಹೋಯಿತು. ಲಾಠಿ ಹಿಡಿದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಜರಿಯಂಚಿನ ಗುಲಾಬಿ ಮಾಸ್ಕಿನಲ್ಲಿ "ಗಾಡಿ ಸೈಡಿಗೆ ಹಾಕ್ರೀ" ಎಂದು ಗದರಿದರೆ, ಗದರಿಸಿಕೊಂಡವರಿಗೆ ಅರಿಶಿನ ಕುಂಕುಮಕ್ಕೆ ಕರೆದಂತೆ ಕೇಳುತ್ತಿತ್ತು. ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರಿಗೂ ಕೊಟ್ಟರು. ಅವರಲ್ಲೊಬ್ಬಾಕೆ ಮಾರನೆಯ ದಿನವೇ ವಾಪಸು ತಂದು, "ಅಮ್ಮಾ, ಕಿವಿ ಕಿತ್ತೋಗ್ತದೆ. ಕೆಲಸದ ಮಧ್ಯ ಜಾರಿದ್ರೆ ಈ ಕೈಯಲ್ಲಿ ಮುಟ್ಟೋಕಾಯ್ತದಾ? ಹಿಂದ್ಗಡೆ ಕಟ್ಕಳಂಗೆ ದಾರ ಹಾಕ್ಕೊಡಿ" ಅಂದಳು. ಮನೆಯವರ ಯಾವ ಸಲಹೆಯನ್ನೂ ಹುಟ್ಟಿದಾರಭ್ಯ ಕೇಳದ ದೊಡ್ಡಮ್ಮ ಅಂದು ತೆಪ್ಪಗೆ ಕೂತು ಅಷ್ಟಕ್ಕೂ ಇಲಾಸ್ಟಿಕ್ ಬಿಚ್ಚಿ ಲಾಡಿ ಹೊಲಿದರು. ಬಿಚ್ಚಿದ ಇಲಾಸ್ಟಿಕ್ ದೊಡ್ಡಪ್ಪನ ಪ್ಯಾಂಟಿಗೆ ಮರಳೀತೆಂದು ನಾವೆಲ್ಲ ಆಸೆಪಟ್ಟೆವು. ಅದು ಟ್ರಂಕಿಗೆ ಹೋಯಿತು.

ಅಕ್ಟೋಬರ್ ಹೊತ್ತಿಗೆ ಮಾಸ್ಕ್ ಹಾಕದವರಿಗೆ ನಗರಗಳಲ್ಲಿ 1,000 ರೂಪಾಯಿ ದಂಡ ಎಂದು ಸರ್ಕಾರ ಸಾರಿತು. ದೊಡ್ಡಮ್ಮನ ಮುಖದಲ್ಲಿ ಕಳೆ ಬಂತು. ತಾನು ಹೊಲಿದ ಒಂದೊಂದು ತುಂಡಿಗೂ ಸಾವಿರ ರೂಪಾಯಿ ಬೆಲೆ ಕಟ್ಟಿದ್ದಾರೆಂದು ಅವರು ಅರ್ಥಮಾಡಿಕೊಂಡಿದ್ದರು. ಕೆಲವೇ ದಿನಕ್ಕೆ ದಂಡ 250ಕ್ಕೆ ಇಳಿದಾಗ, "ಕೈಕೆಲಸಕ್ಕೆ ಈ ರಾಜ್ಯದಲ್ಲಿ ಯಾವತ್ತು ಬೆಲೆ ಕೊಟ್ಟಿದ್ದಾರೆ?" ಎಂದು ಒಂದು ಹೊತ್ತು ಮಷಿನ್ ಮುಟ್ಟಲಿಲ್ಲ.

ಅದೇ ತಿಂಗಳು ದಸರೆ. ಉದ್ಘಾಟಿಸಿದವರು ಜಯದೇವ ಹೃದ್ರೋಗ ಸಂಸ್ಥೆಯ ಡಾ. ಸಿ.ಎನ್. ಮಂಜುನಾಥ್. ಜಂಬೂಸವಾರಿ ಅರಮನೆ ಆವರಣ ದಾಟಲಿಲ್ಲ. ಡಾಕ್ಟರು ಉದ್ಘಾಟನೆ ಮಾಡಿದ ದಸರೆಯಲ್ಲಿ ಬೊಂಬೆಗಳು ಬರೀ ಮುಖದಲ್ಲಿ ಕೂರುವುದು ಸರಿಯಲ್ಲ ಎಂಬುದು ದೊಡ್ಡಮ್ಮನ ಅಭಿಪ್ರಾಯವಾಯಿತು. ಪಟ್ಟದ ಬೊಂಬೆಗಳಿಗೆ ರೇಷ್ಮೆಯದು, ದಶಾವತಾರಕ್ಕೆ ಕಾಟನ್ನು. ಗಣಪತಿಗೆ ಹೊಂದುವ ಮಾಸ್ಕ್ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಸೊಂಡಿಲಿನುದ್ದಕ್ಕೂ ತೋಳು ಹೊಲಿದು, ತುದಿಯಲ್ಲಿ ಕಡುಬು ಒಳಹೋಗಲು ಗುಂಡಿ ಬಿಚ್ಚುವ ಬಾಯಿ ಇಟ್ಟರು. ಶೆಟ್ಟಿ, ಶೆಟ್ಟಮ್ಮನ ದಿನಸಿ ಅಂಗಡಿಯ ಮುಂದೆ ರಂಗೋಲಿಯಲ್ಲಿ ಸುಣ್ಣದ ವೃತ್ತಗಳು, ಒಂದೊಂದರಲ್ಲಿ ಒಂದೊಂದು ಬೊಂಬೆ. ಸಾಲು ತಪ್ಪಿದ ಒಂದು ಪುಟ್ಟ ಬೊಂಬೆಯ ಪಕ್ಕ ಪೊಲೀಸ್ ಬೊಂಬೆ ನಿಲ್ಲಿಸಿದ್ದರು. ಆ ವರ್ಷ ಬೊಂಬೆ ನೋಡಲು ಯಾರನ್ನೂ ಕರೆಯುವಂತಿರಲಿಲ್ಲವಾದ್ದರಿಂದ ವಿಡಿಯೊ ಕಾಲಿನಲ್ಲಿ ತೋರಿಸಿದರು. ಬೆಂಗಳೂರಿನ ನಾದಿನಿಯ ಸರದಿ ಬಂದಾಗ ಕ್ಯಾಮೆರಾವನ್ನು ಬೊಂಬೆಗಳ ಹಿನ್ನೆಲೆಗೆ ಹಾಸಿದ್ದ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ, "ಗುರುತು ಸಿಕ್ತಾ? ನೀನು ಕೊಟ್ಟ ಅಪ್ಪಟ ಕಾಟನ್ನು" ಎಂದರು.

2021ರ ಬೇಸಗೆಯ ಎರಡನೆಯ ಅಲೆಯಲ್ಲಿ ನಗುವಂಥದ್ದು ಹೆಚ್ಚಿರಲಿಲ್ಲ. ಬಟ್ಟೆಯದೊಂದೇ ಸಾಲದು, ಒಳಗೆ ಸರ್ಜಿಕಲ್ ಮಾಸ್ಕೂ ಇರಲಿ ಎಂದರು ವೈದ್ಯರು. "ಒಳಗೆ ಅದು, ಮೇಲೆ ನನ್ನದು. ಒಳಲಂಗ ಇಲ್ಲದೆ ಸೀರೆ ಉಡ್ತಾರಾ?" ಎಂದು ದೊಡ್ಡಮ್ಮ ಅದನ್ನೂ ತಮ್ಮ ಪರವಾಗಿಯೇ ಬಗೆಹರಿಸಿಕೊಂಡರು.

ಈಗ ಮಿಕ್ಕ ಮಾಸ್ಕುಗಳು ಉಪ್ಪಿನಕಾಯಿ ಭರಣಿಗಳ ಬಾಯಿಗೆ ಬಿದ್ದಿವೆ. ಎರಡು ಸೇರಿಸಿ ಕನ್ನಡಕದ ಚೀಲ, ನಾಲ್ಕು ಸೇರಿಸಿ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ ಆಗಿವೆ. ಮೊನ್ನೆ ಮಗ ಮಷಿನ್ನಿಗೆ ಎಣ್ಣೆ ಬಿಡುವಾಗ ಬಾಬಿನ್ ಪೆಟ್ಟಿಗೆಯ ಕೆಳಗಿಂದ ಆ ರಟ್ಟಿನ ಅಚ್ಚು ಸಿಕ್ಕಿತು. "ಅಮ್ಮಾ, ಇದನ್ನಾದರೂ ಬಿಸಾಕಲಾ?" ಎಂದ.

"ಇಡೋ ಅಲ್ಲಿ. ನಿನ್ನ ಮಗನ ಮೂಗು ಥೇಟ್ ನಿಮ್ಮಪ್ಪನದೇ. ಇನ್ನೂ ಬೆಳೀತಾ ಇದೆ."